ಪೆರಡಾಲದ ಮಾಸ್ತರರು

ಕನ್ನಡದ ಬಾಲಬೋಧೆಯನ್ನು ಕಲಿಸುವ ಉಪಾಧ್ಯಾಯರಿಗೆಲ್ಲ ಒಂದು ತೊಡಕು ಪರಿಚಿತವಾದುದೇ. ‘ಕ’ಕಾರಕ್ಕೆ ಕಮಲವುಂಟು, ‘ಗ’ಕಾರಕ್ಕೆ ಗಡಿಗೆಯುಂಟು, ‘ಚ’ಕಾರಕ್ಕೆ ಚಂದ್ರನಿದ್ದಾನೆ. ವ್ಯಂಜನಗಳಲ್ಲಿ ಹತ್ತನೆಯದಾದ ‘ಞ’ ಬಂದೊಡನೆ ಪಾಠ ತಡೆಯುತ್ತದೆ. ಅದಕ್ಕೆ ಚಿತ್ರವಿಲ್ಲ, ಮಗುವಿಗೆ ತಿಳಿಯುವಂಥ ಒಂದು ಶಬ್ದವಿಲ್ಲ. ಅಕ್ಷರವನ್ನು ಬಾಯಲ್ಲಿ ಹೇಳಿಸಿ, ಸ್ಲೇಟಿನ ಮೇಲೆ ತಿದ್ದಿಸಿ, ಮುಂದಿನ ಸಾಲಿಗೆ ಹೋಗಿಬಿಡುತ್ತೇವೆ.

ಕೆಲವು ದಿನಗಳ ಹಿಂದೆ ನನ್ನ ತರಗತಿಯಲ್ಲಿ ಭಾಷಾಶಾಸ್ತ್ರದ ಪಾಠ ನಡೆದಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಸಾರ್, ಬಳಕೆಯೇ ಇಲ್ಲದ ಈ ಅಕ್ಷರ ನಮಗೆ ಯಾತಕ್ಕೆ?” ಎಂದು ಕೇಳಿದನು. ನಾನು ಉತ್ತರವಾಗಿ ಕರಿಹಲಗೆಯ ಮೇಲೆ ಒಂದು ಹೆಸರನ್ನು ಬರೆದೆ: ಕಯ್ಯಾರ ಕಿಞ್ಞಣ್ಣ ರೈ. ತುಳುವಿನಲ್ಲಿ ‘ಕಿಞ್ಞ’ ಎಂದರೆ ಚಿಕ್ಕದು, ಕಿಞ್ಞಣ್ಣನೆಂದರೆ ಚಿಕ್ಕಣ್ಣ. ತುಳುನಾಡಿನ ಮನೆಮನೆಗಳಲ್ಲಿ ಈ ಧ್ವನಿ ಇಂದಿಗೂ ಜೀವಂತವಾಗಿದೆ ಎಂದು ವಿವರಿಸಿದೆ. ಅಕ್ಷರದ ಪ್ರಶ್ನೆಯೇನೋ ಬಗೆಹರಿಯಿತು. ಆದರೆ ಹಿಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬಂದಿತು: “ಅವರು ಯಾರು ಸಾರ್?” ಕನ್ನಡವನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಂಡಿದ್ದ ಆ ತರಗತಿಯಲ್ಲಿ ಉತ್ತರ ಹೇಳಬಲ್ಲವರು ಇಬ್ಬರೋ ಮೂವರೋ ಇದ್ದರು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಕಯ್ಯಾರರು ಯಾರೆಂಬುದಕ್ಕೆ ಕವಿ, ಪತ್ರಕರ್ತ, ಏಕೀಕರಣದ ಹೋರಾಟಗಾರ ಎಂದು ಹಲವು ಉತ್ತರಗಳನ್ನು ಕೊಡಬಹುದು. ಆದರೆ ಅವರ ಬಾಳಿನ ಉದ್ದಕ್ಕೂ ಹಾಸುಹೊಕ್ಕಾಗಿದ್ದ ವೃತ್ತಿ ಒಂದೇ: ಅಧ್ಯಾಪಕ ವೃತ್ತಿ. ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿದ ಮಾಸ್ತರರು ಅವರು. ಎಪ್ಪತ್ತರ ದಶಕದಲ್ಲಿ ಆ ಕೆಲಸದಿಂದ ನಿವೃತ್ತರಾದ ಮೇಲೆ ಸುಮಾರು ನಾಲ್ಕು ದಶಕಗಳ ಕಾಲ ಅದೇ ಊರಿನಲ್ಲಿ, ಅದೇ ಮಣ್ಣಿನಲ್ಲಿ, ತಮ್ಮ ತೋಟ, ಸಂಸಾರ, ಊರು ಮತ್ತು ಭಾಷೆಗಳ ನಡುವೆ ಬಾಳಿದರು. ನಿವೃತ್ತ ಉಪಾಧ್ಯಾಯನ ಜೀವನವೆಂದರೆ ಏನು ಎಂಬುದನ್ನು ಯೋಚಿಸುವಾಗ ನನಗೆ ಮೊದಲು ನೆನಪಾಗುವವರು ಅವರೇ.

‘ನಿವೃತ್ತಿ’ ಎಂಬ ಮಾತೇ ನಮ್ಮಲ್ಲಿ ವಿಚಿತ್ರವಾದ ಪರಿವರ್ತನೆಯನ್ನು ಹೊಂದಿದೆ. ಪ್ರವೃತ್ತಿ ನಿವೃತ್ತಿಗಳೆಂದು ನಮ್ಮ ಶಾಸ್ತ್ರಕಾರರು ಎರಡು ಮಾರ್ಗಗಳನ್ನು ಹೇಳಿದರು. ಅಲ್ಲಿ ನಿವೃತ್ತಿಯೆಂದರೆ ಆಸೆಯಿಂದ ಹಿಂದಿರುಗುವುದು. ಅದು ಮನುಷ್ಯನು ತಾನಾಗಿ ಆರಿಸಿಕೊಳ್ಳತಕ್ಕ ದಾರಿ. ಇಂದು ಅದು ಸರಕಾರದ ಆಜ್ಞೆಯಿಂದ, ಜನ್ಮದಿನಾಂಕದ ಲೆಕ್ಕದಲ್ಲಿ, ಒಂದು ಸಂಜೆ ಬಂದು ಬಾಗಿಲು ತಟ್ಟುವ ಸಂಗತಿಯಾಗಿದೆ. ಹಾರ, ಶಾಲು, ಫಲತಾಂಬೂಲ, ನಾಲ್ಕು ಮಾತಿನ ಭಾಷಣ. ಮರುದಿನ ಬೆಳಗ್ಗೆ ಗಂಟೆ ಬಾರಿಸುವಾಗ ಮಾಸ್ತರರು ಮನೆಯ ಜಗುಲಿಯ ಮೇಲೆ ಕುಳಿತಿರುತ್ತಾರೆ. ಮೂವತ್ತು ವರ್ಷ ಆ ಗಂಟೆಗೆ ತಕ್ಕಂತೆ ನಡೆದ ಕಾಲುಗಳಿಗೆ ಆ ದಿನ ಏನನ್ನಿಸೀತು? ಇದು ಸಣ್ಣ ಪ್ರಶ್ನೆಯಲ್ಲ. ಎಷ್ಟೋ ಮಂದಿ ಒಳ್ಳೆಯ ಉಪಾಧ್ಯಾಯರು ಆ ಜಗುಲಿಯ ಮೇಲೆಯೇ ಬಾಡಿಹೋದುದನ್ನು ನಾವು ಕಂಡಿದ್ದೇವೆ. ಕೆಲವರು ಮಾತ್ರ ಜಗುಲಿಯಿಂದ ಇಳಿದು ಅಂಗಳಕ್ಕೆ, ಅಂಗಳದಿಂದ ಊರಿಗೆ ನಡೆಯುತ್ತಾರೆ.

ಕಯ್ಯಾರರ ಊರನ್ನು ಅರಿಯದೆ ಅವರನ್ನು ಅರಿಯುವುದು ಕಷ್ಟ. ಮಂಗಳೂರಿನಿಂದ ತೆಂಕಲಾಗಿ ಹೊರಟರೆ ಮಂಜೇಶ್ವರ, ಕುಂಬಳೆಗಳನ್ನು ದಾಟಿ ಕಾಸರಗೋಡು ಸಿಗುತ್ತದೆ. ಅಲ್ಲಿಂದ ಒಳನಾಡಿನ ಕಡೆಗೆ ತಿರುಗಿದರೆ ಬದಿಯಡ್ಕ, ಪೆರಡಾಲ. ಕಡಲಿನ ಬಯಲು ಹಿಂದಾಗಿ ಮುರಕಲ್ಲಿನ ಗುಡ್ಡಗಳು ಏಳುತ್ತವೆ. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಮೇಲ್ಗಡೆ ಮನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಾಡು ಅದು. ಆದರೂ ಬೇಸಗೆಯಲ್ಲಿ ನೀರಿಗೆ ತತ್ತರಿಸುವ ನಾಡು. ಆದುದರಿಂದಲೇ ಅಲ್ಲಿಯವರು ‘ಸುರಂಗ’ವೆಂಬ ಒಂದು ಉಪಾಯವನ್ನು ಕಂಡುಕೊಂಡರು. ಗುಡ್ಡದ ಮಗ್ಗುಲನ್ನು ಪಿಕ್ಕಾಸಿನಿಂದ ಅಡ್ಡಲಾಗಿ ಕೊರೆಯುತ್ತ, ಒಬ್ಬನು ಬಗ್ಗಿ ನಡೆಯುವಷ್ಟು ಅಗಲದ ಮಾರ್ಗವನ್ನು ಒಳಗೊಳಗೆ ಕೊಂಡೊಯ್ಯುತ್ತಾರೆ. ದೀಪ ಆರಿದರೆ ಉಸಿರಿಗೆ ಗಾಳಿಯಿಲ್ಲವೆಂದು ತಿಳಿದು ಹೊರಗೆ ಬರುತ್ತಾರೆ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ನೀರು ಎಲ್ಲಿ ಜಿನುಗುವುದೆಂದು ಮುಂದಾಗಿ ಯಾರೂ ಭರವಸೆ ಕೊಡಲಾರರು. ಜಿನುಗಿತೆಂದರೆ ಮಾತ್ರ, ಏತವಿಲ್ಲದೆ, ಯಂತ್ರವಿಲ್ಲದೆ, ತಾನಾಗಿ ಹರಿದು ತೋಟದ ಕೆರೆಯನ್ನು ಸೇರುತ್ತದೆ. ಕೊರೆದವನು ಹೋದ ಮೇಲೂ ಹರಿಯುತ್ತಿರುತ್ತದೆ.

ಈ ನಾಡಿನ ಕಯ್ಯಾರು ಎಂಬ ಗ್ರಾಮದಲ್ಲಿ 1915ರ ಜೂನ್ 8ರಂದು ಕಿಞ್ಞಣ್ಣ ರೈಗಳು ಜನಿಸಿದರು. ಮನೆಯ ಮಾತು ತುಳು. ಓದಿದುದು ಸಂಸ್ಕೃತ ಮತ್ತು ಕನ್ನಡ. ಹನ್ನೆರಡರ ಹರೆಯದಲ್ಲಿಯೇ ‘ಸುಶೀಲಾ’ ಎಂಬ ಕೈಬರಹದ ಪತ್ರಿಕೆಯನ್ನು ಹೊರಡಿಸಿದ ಹುಡುಗ ಮುಂದೆ ಪತ್ರಿಕೆಗಳ ಬರೆಹಗಾರನಾದುದು ಸಹಜವೇ. ಗಾಂಧೀಯುಗದ ಗಾಳಿ ಕರಾವಳಿಯಲ್ಲೆಲ್ಲ ಬೀಸುತ್ತಿದ್ದ ಕಾಲವದು. ತಮ್ಮ ಸಂಪತ್ತನ್ನೆಲ್ಲ ದೇಶಕ್ಕೂ ದಲಿತರ ಸೇವೆಗೂ ಸುರಿದು, 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡ ಕಾರ್ನಾಡು ಸದಾಶಿವರಾಯರ ಆದರ್ಶ ಆ ತಲೆಮಾರಿನ ಯುವಕರ ಕಣ್ಣೆದುರಿಗಿದ್ದಿತು. ಕಯ್ಯಾರರು ಮುಂದೆ ಸದಾಶಿವರಾಯರ ಜೀವನಚರಿತ್ರೆಯನ್ನು ಬರೆದರು. ಮಂಜೇಶ್ವರದ ಗೋವಿಂದ ಪೈಗಳ ಬಾಳನ್ನೂ ಬರೆದರು. ಯಾರ ಜೀವನವನ್ನು ಬರೆಯಲು ಒಬ್ಬನು ಆರಿಸಿಕೊಳ್ಳುತ್ತಾನೆ ಎಂಬುದರಿಂದ ಅವನ ಮನಸ್ಸು ತಿಳಿಯುತ್ತದೆ. ಒಬ್ಬರು ಕೊಟ್ಟು ಬರಿದಾದವರು. ಇನ್ನೊಬ್ಬರು ಕಲಿತು ತುಂಬಿದವರು.

ಪತ್ರಿಕೆಯ ಕೆಲಸದಿಂದ ಅವರು ಬಂದುದು ಪೆರಡಾಲದ ನವಜೀವನ ಪ್ರೌಢಶಾಲೆಗೆ. ಅಲ್ಲಿನ ಕನ್ನಡ ಪಾಠವೆಂದರೆ ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ನಡೆಯುವ ಕನ್ನಡ ಪಾಠದಂಥದಲ್ಲ. ಕಾಸರಗೋಡನ್ನು ಸಪ್ತಭಾಷೆಗಳ ನಾಡೆಂದು ಕರೆಯುತ್ತಾರೆ. ಒಂದೇ ಬೆಂಚಿನ ಮೇಲೆ ತುಳು ಮಾತಿನ ಮಗು, ಹವ್ಯಕ ಕನ್ನಡದ ಮಗು, ಮಲೆಯಾಳದ ಮಗು, ಕೊಂಕಣಿ, ಮರಾಟಿ, ಬ್ಯಾರಿ ಮಾತುಗಳ ಮಕ್ಕಳು ಕುಳಿತಿರುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಪುಸ್ತಕದ ಕನ್ನಡ ಮನೆಯ ಮಾತಲ್ಲ. ಶಾಲೆಗೆ ಬಂದ ಮೇಲೆ ಕೈಹಿಡಿದ ಮಾತು. ಕಲಿಸುವ ಮಾಸ್ತರರಿಗೂ ಅದು ಕಲಿತ ಮಾತೇ. ಕನ್ನಡ ತಾಯ ಹಾಲಿನೊಂದಿಗೆ ಬಂದವರಿಗಿಂತ ಹೀಗೆ ಕಲಿತು ಒಲಿದವರಲ್ಲಿ ಅಭಿಮಾನ ಒಂದು ಹಿಡಿ ಹೆಚ್ಚಾಗಿಯೇ ಇರುವುದನ್ನು ಗಡಿನಾಡಿನಲ್ಲಿ ಕಾಣುತ್ತೇವೆ. ಮಕ್ಕಳ ಕೈಗೆ ತಕ್ಕ ಪುಸ್ತಕ ಬೇಕೆಂದು ಕಯ್ಯಾರರು ಶಾಲಾ ವಾಚಕಗಳನ್ನೂ ವ್ಯಾಕರಣ ಪ್ರಬಂಧಗಳ ಪುಸ್ತಕವನ್ನೂ ಮಕ್ಕಳ ಪದ್ಯಗಳನ್ನೂ ರಚಿಸಿದರು. ಮಹಾಕಾವ್ಯ ಬರೆದರೆ ಕೀರ್ತಿ ಬರುತ್ತದೆ; ಮೂರನೆಯ ತರಗತಿಯ ವಾಚಕವನ್ನು ಬರೆದರೆ ಬರುವುದೇನು? ಆದರೂ ಯಾರಾದರೂ ಬರೆಯಲೇಬೇಕಷ್ಟೆ. 1969ರಲ್ಲಿ ಅವರಿಗೆ ಶ್ರೇಷ್ಠ ಅಧ್ಯಾಪಕರ ರಾಷ್ಟ್ರಪ್ರಶಸ್ತಿ ದೊರೆಯಿತು.

ಇಷ್ಟರಲ್ಲಿ ನಾಡಿನ ಚರಿತ್ರೆಯಲ್ಲಿ ದೊಡ್ಡದೊಂದು ತಿರುವು ಬಂದುಹೋಗಿತ್ತು. ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದಿತು ಕಾಸರಗೋಡು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಉದಯಿಸಿದಾಗ ಜಿಲ್ಲೆಯ ಹೆಚ್ಚಿನ ಭಾಗ ಕನ್ನಡದ ರಾಜ್ಯವನ್ನು ಸೇರಿತು. ಕಾಸರಗೋಡು ಕೇರಳಕ್ಕೆ ಸಂದಿತು. ಬೆಂಗಳೂರಿನಲ್ಲಿ ದೀಪಗಳನ್ನು ಹಚ್ಚಿದ ದಿನ ಪೆರಡಾಲದಲ್ಲಿ ಏನಾಗಿದ್ದಿರಬಹುದೆಂಬುದನ್ನು ನಾವು ಒಂದು ಕ್ಷಣ ಊಹಿಸಿಕೊಳ್ಳಬೇಕು. ಮಾಸ್ತರರು ಅದೇ ಶಾಲೆಯಲ್ಲಿ, ಅದೇ ಕೊಠಡಿಯಲ್ಲಿ, ಅದೇ ಮಕ್ಕಳಿಗೆ ಅದೇ ಪದ್ಯವನ್ನು ಕಲಿಸುತ್ತಿದ್ದಾರೆ; ಆದರೆ ರಾತ್ರಿ ಬೆಳಗಾಗುವುದರೊಳಗೆ ಆ ಪದ್ಯ ಅಲ್ಪಸಂಖ್ಯಾತರ ಭಾಷೆಯ ಪದ್ಯವಾಗಿದೆ. ಮನೆಗೆ ಬೆಂಕಿ ಬಿದ್ದಿತೆಂದು ಕನ್ನಡಿಗರನ್ನೆಲ್ಲ ಕೂಗಿ ಕರೆದ ಕಯ್ಯಾರರ ಕವಿತೆ ಈ ನೋವಿನಿಂದ ಹುಟ್ಟಿದುದು. ಅವರ ಇತರ ಕವಿತೆಗಳನ್ನು ಕಾಣದವರೂ ಆ ಒಂದು ಕವಿತೆಯನ್ನು ಕೇಳಿರುತ್ತಾರೆ.

ಆ ಕೂಗು ಒಬ್ಬ ಕವಿಯದು ಮಾತ್ರವಾಗಿರಲಿಲ್ಲ. 1957ರ ಚುನಾವಣೆಯಲ್ಲಿ ವಿಲೀನೀಕರಣವನ್ನೇ ಪ್ರತಿಪಾದಿಸಿದ ಎಂ. ಉಮೇಶರಾಯರು ಮಂಜೇಶ್ವರದಿಂದ ಕೇರಳದ ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಎದುರಾಳಿಯೇ ಇಲ್ಲದ ಗೆಲುವು ಜನಮನವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೀತು? ಮುಂದೆ ಮಹಾಜನ ಆಯೋಗವು 1967ರ ತನ್ನ ವರದಿಯಲ್ಲಿ ಚಂದ್ರಗಿರಿ ನದಿಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಕಾರ್ಯಗತವಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಒಂದು ಪ್ರತ್ಯೇಕ ಜಿಲ್ಲೆಯಾಯಿತು. ಗಡಿ ಇದ್ದಲ್ಲಿಯೇ ಉಳಿಯಿತು.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ತನ್ನ ನಾಡು ಕೇರಳದಿಂದ ಹೊರಗೆ ಬರಬೇಕೆಂದು ಬಾಳುದ್ದಕ್ಕೂ ದನಿಯೆತ್ತಿದ ಈ ಕವಿ ಮಲೆಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯಗಳನ್ನು ಕನ್ನಡಕ್ಕೆ ತಂದವರು. ಆಶಾನರು ನಾರಾಯಣ ಗುರುಗಳ ಶಿಷ್ಯರು. ಜಾತಿಯ ಕ್ರೌರ್ಯವನ್ನು ಕಾವ್ಯದ ಕಟಕಟೆಗೆ ತಂದು ನಿಲ್ಲಿಸಿದವರು. ಕನ್ನಡಿಗರು ಈ ಕವಿಯನ್ನು ಓದಬೇಕೆಂದು ಕಯ್ಯಾರರಿಗೆ ಅನ್ನಿಸಿತು. ಗಡಿಯ ಜಗಳ ಅದಕ್ಕೆ ಅಡ್ಡ ಬರಲಿಲ್ಲ. ತುಳುನಾಡಿನಲ್ಲಿ ಎಲ್ಲರಿಗಿಂತ ಕೆಳಗೆ ತುಳಿಯಲ್ಪಟ್ಟ ಕೊರಗ ಜನರನ್ನು ಕುರಿತು ಅವರೇ ಕವಿತೆ ಬರೆದಿದ್ದರು. ಆಶಾನರ ದನಿ ಅವರಿಗೆ ಪರಕೀಯವೆನಿಸದಿದ್ದುದು ಆಶ್ಚರ್ಯವಲ್ಲ. ತಾಯ್ನುಡಿಯಾದ ತುಳುವಿನಲ್ಲಿಯೂ ಅವರು ಕವಿತೆಗಳನ್ನು ಬರೆದರು. ಒಂದು ಭಾಷೆಯನ್ನು ಪ್ರೀತಿಸಲು ಇನ್ನೊಂದನ್ನು ದ್ವೇಷಿಸಬೇಕೆಂಬ ಮಾತು ಇಂದು ಸುಲಭವಾಗಿ ಮಾರಾಟವಾಗುತ್ತದೆ. ಬಹುಭಾಷೆಯ ತರಗತಿಯಲ್ಲಿ ದುಡಿದ ಮಾಸ್ತರನಿಗೆ ಆ ಸರಕು ಬೇಕಿರಲಿಲ್ಲ. ರಾಜ್ಯದ ನಿರ್ಣಯದ ಮೇಲಿನ ಅವರ ಸಿಟ್ಟು ನೆರೆಮನೆಯವನ ನಾಲಗೆಯ ಮೇಲಿನ ಸಿಟ್ಟಾಗಿ ಇಳಿಯಲಿಲ್ಲ.

ಈಗ ಅವರ ನಿವೃತ್ತಿಯ ಮಾತು. ಪೆನ್ಷನ್ ಪಡೆದ ಕವಿಗಳು ರಾಜಧಾನಿಗೆ ಬಂದು ನೆಲಸುವುದು ನಮ್ಮಲ್ಲಿ ಅಪರೂಪವೇನಲ್ಲ. ಸಭೆಗಳಿವೆ, ಅಕಾಡೆಮಿಗಳಿವೆ, ಪ್ರಕಾಶಕರಿದ್ದಾರೆ. ಕಯ್ಯಾರರು ಪೆರಡಾಲವನ್ನು ಬಿಡಲಿಲ್ಲ. ‘ಕವಿತಾ ಕುಟೀರ’ವೆಂದು ಹೆಸರಿಟ್ಟ ಅವರ ಮನೆಯ ಸುತ್ತ ತೋಟವಿದ್ದಿತು, ಮನೆಯೊಳಗೆ ತುಂಬು ಸಂಸಾರವಿದ್ದಿತು. ಅವರು ಕೃಷಿಯನ್ನು ವಿಶ್ರಾಂತಿಯ ವಿಲಾಸವಾಗಿ ಹಿಡಿದವರಲ್ಲ. ಮೊದಲಿನಿಂದಲೂ ಅವರು ಬೇಸಾಯಗಾರರೇ. ತಮ್ಮ ಆತ್ಮಕಥೆಗೆ ‘ದುಡಿತವೆ ನನ್ನ ದೇವರು’ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಅಲಂಕಾರವಿಲ್ಲ. ಶಾಲೆ, ಗದ್ದೆ, ಮನೆ, ಸಭೆ ಇವೆಲ್ಲವನ್ನೂ ಒಂದೇ ಮಾತಿನಲ್ಲಿ ಕಟ್ಟಬೇಕಾದರೆ ‘ದುಡಿತ’ ಎಂಬುದಕ್ಕಿಂತ ಬೇರೆ ಮಾತು ಸಿಗದು. ದುಡಿತವನ್ನೇ ದೇವರೆಂದವನಿಗೆ ನಿವೃತ್ತಿಯ ದಿನ ಗುಡಿಯ ಬಾಗಿಲು ಮುಚ್ಚುವುದಿಲ್ಲ.

ಸಂಸಾರದ ಮಾತನ್ನು ನಾವು ಸಾಹಿತಿಗಳ ಚರಿತ್ರೆಯಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ಅದು ಸರಿಯಲ್ಲ. ಹಳ್ಳಿಯ ಶಾಲೆಯ ಮಾಸ್ತರನ ಸಂಬಳ ಆ ದಿನಗಳಲ್ಲಿ ಎಷ್ಟೆಂಬುದು ಹಿರಿಯರಿಗೆ ಗೊತ್ತಿದೆ. ಅಷ್ಟರಲ್ಲಿ ಮಕ್ಕಳು ಬೆಳೆಯಬೇಕು, ಬಂದ ಅತಿಥಿಗೆ ಬಾಳೆಯೆಲೆ ಹಾಕಬೇಕು, ಚಳವಳಿಯ ಗೆಳೆಯರು ಹೊತ್ತು ಮೀರಿ ಬಂದರೆ ಗಂಜಿಗೆ ಮತ್ತೆ ನೀರೆರೆಯಬೇಕು. ಊರಿನ ಸೇವೆಗೆಂದು ಮನೆಯ ಯಜಮಾನನು ಹೊರಗೆ ಹೋದ ಪ್ರತಿಯೊಂದು ಸಂಜೆಯ ಹಿಂದೆಯೂ ಮನೆಯೊಳಗೆ ಉಳಿದು ಆ ಸಂಜೆಯನ್ನು ಸಾಗಿಸಿದವರು ಯಾರೋ ಇರುತ್ತಾರೆ. ಸಾರ್ವಜನಿಕ ಜೀವನದ ಲೆಕ್ಕವನ್ನು ಬರೆಯುವಾಗ ಈ ಜಮೆಯನ್ನು ಬಿಟ್ಟುಬಿಟ್ಟರೆ ಲೆಕ್ಕ ತಪ್ಪುತ್ತದೆ. ಮನೆ ಮತ್ತು ಊರು ಒಂದಕ್ಕೊಂದು ಎದುರಾಳಿಗಳೆಂದು ಭಾವಿಸುವವರುಂಟು. ಮನೆ ಉಳಿದಲ್ಲಿ ಮಾತ್ರ ಊರಸೇವೆ ಬಹುಕಾಲ ನಿಲ್ಲುತ್ತದೆಂಬುದು ಇಂಥವರ ಬಾಳಿನಿಂದ ನಾವು ಕಲಿಯಬೇಕಾದ ಪಾಠ.

ಕಯ್ಯಾರರು ಬದಿಯಡ್ಕ ಪಂಚಾಯತಿಗೆ ಹದಿನೈದು ವರ್ಷ ಅಧ್ಯಕ್ಷರಾಗಿದ್ದರು. ಪಂಚಾಯತಿಯ ಕೆಲಸವನ್ನು ಬಲ್ಲವರಿಗೆ ಇದರ ಅರ್ಥವಾದೀತು. ಅಲ್ಲಿ ಕಾವ್ಯಕ್ಕೆ ಅವಕಾಶ ಕಡಮೆ. ದಾರಿ, ಬಾವಿ, ಬೇಲಿ, ತಕರಾರು, ಅರ್ಜಿ; ಒಬ್ಬನಿಗೆ ನ್ಯಾಯವಾದರೆ ಇನ್ನೊಬ್ಬನಿಗೆ ಮುನಿಸು. ಅದೇ ಊರಿನ ಶಾಲೆಯಲ್ಲಿ ಪಾಠ ಹೇಳಿದ ಮಾಸ್ತರನ ಮುಂದೆ ಅರ್ಜಿ ಹಿಡಿದು ನಿಲ್ಲುವವರಲ್ಲಿ ಅವನ ಶಿಷ್ಯರೂ ಇರುತ್ತಾರೆ, ಶಿಷ್ಯರ ತಂದೆಯರೂ ಇರುತ್ತಾರೆ. ಕವಿಯಾದವನು ಹೊಗಳಿಕೆ ಸಿಗುವ ವೇದಿಕೆಯನ್ನು ಬಿಟ್ಟು ದೂರು ಸಿಗುವ ಕುರ್ಚಿಯಲ್ಲಿ ಹದಿನೈದು ವರ್ಷ ಕುಳಿತನೆಂಬುದೇ ನನಗೆ ಅವನ ಎಷ್ಟೋ ಬಿರುದುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

‘ಸ್ವಯಂಸೇವೆ’ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬಂದುದು ರಾಷ್ಟ್ರೀಯ ಚಳವಳಿಯ ದಿನಗಳಲ್ಲಿ. ಅದಕ್ಕೆ ಹಿಂದೆಯೂ ನಮ್ಮ ಜನ ಈ ಕೆಲಸವನ್ನು ಮಾಡುತ್ತಲೇ ಇದ್ದರು. ಶರಣರು ಅದನ್ನು ದಾಸೋಹವೆಂದರು, ವೈಷ್ಣವರು ಕೈಂಕರ್ಯವೆಂದರು, ಬೇಸಾಯಗಾರರು ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋದರು. ಈ ಮಾತುಗಳಲ್ಲೆಲ್ಲ ಒಂದು ಸಮಾನವಾದ ಭಾವವಿದೆ: ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ತಾರತಮ್ಯವಿಲ್ಲ. ಹಳ್ಳಿಯ ನಿವೃತ್ತ ಮಾಸ್ತರರು ಮಾಡುವ ಸೇವೆ ಈ ಜಾತಿಯದು. ಅದಕ್ಕೆ ಸಂಘವಿಲ್ಲ, ಫಲಕವಿಲ್ಲ. ಅರ್ಜಿ ಬರೆಯಬಾರದವನಿಗೆ ಅರ್ಜಿ ಬರೆದುಕೊಡುವುದು, ಫೇಲಾದ ಹುಡುಗನನ್ನು ಮತ್ತೆ ಪುಸ್ತಕದ ಮುಂದೆ ಕೂರಿಸುವುದು, ಮದುವೆಯ ಕಾಗದವನ್ನು ತಿದ್ದುವುದು, ವಾಚನಾಲಯದ ಬೀಗದ ಕೈಯನ್ನು ಸೊಂಟದಲ್ಲಿ ಇಟ್ಟುಕೊಂಡಿರುವುದು. ನಮ್ಮ ಪ್ರತಿಯೊಬ್ಬರ ಊರಿನಲ್ಲಿಯೂ ಇಂಥವರೊಬ್ಬರು ಇದ್ದರು. ಕಯ್ಯಾರರು ನಾಡಿಗೆಲ್ಲ ತಿಳಿದವರಾದುದರಿಂದ ಅವರ ಹೆಸರನ್ನು ಹೇಳುತ್ತಿದ್ದೇನೆ. ಉಳಿದವರ ಹೆಸರು ಅವರವರ ಶಿಷ್ಯರ ಎದೆಯಲ್ಲಿದೆ.

1997ರಲ್ಲಿ ಮಂಗಳೂರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅರುವತ್ತಾರನೆಯ ಅಧಿವೇಶನ ನಡೆದಾಗ ಕಯ್ಯಾರರು ಅಧ್ಯಕ್ಷ ಪೀಠದಲ್ಲಿದ್ದರು. ಎಂಬತ್ತೆರಡರ ವೃದ್ಧರು. ಮಂಗಳೂರು ಕರ್ನಾಟಕದ ನಗರ. ಅಧ್ಯಕ್ಷರ ಮನೆ ಮಾತ್ರ ಗಡಿಯಾಚೆ. ಕನ್ನಡದ ಅತ್ಯುನ್ನತ ಗೌರವವನ್ನು ಪಡೆದು ಅವರು ಮರಳಿದುದು ಕನ್ನಡಕ್ಕೆ ಸೇರದ ರಾಜ್ಯದೊಳಗಿನ ತಮ್ಮ ಕನ್ನಡದ ಮನೆಗೆ. ಈ ಸಂಗತಿಯಲ್ಲಿರುವ ವ್ಯಥೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಿಮರ್ಶಕನ ಕಣ್ಣಿನಿಂದ ನೋಡಿದರೆ ಕಯ್ಯಾರರ ಕಾವ್ಯದಲ್ಲಿ ವಾಗ್ಮಿತೆಯ ಪಾಲು ದೊಡ್ಡದು. ‘ಐಕ್ಯಗಾನ’ದಂಥ ಸಂಕಲನಗಳಲ್ಲಿ ಕವಿ ಜನಸ್ತೋಮವನ್ನು ಎದುರಿಗಿಟ್ಟುಕೊಂಡು ಹಾಡುತ್ತಾನೆ. ಏಕಾಂತದಲ್ಲಿ ಓದುವವನಿಗೆ ಕೆಲವೆಡೆ ದನಿ ಏರಿದಂತೆ ಕೇಳಿಸೀತು. ನವ್ಯದ ಬಿಗಿಯನ್ನೂ ಧ್ವನಿಯನ್ನೂ ಅಲ್ಲಿ ಹುಡುಕುವುದು ವ್ಯರ್ಥ. ಆದರೆ ಕೊನೆಯ ಬೆಂಚಿನವರೆಗೂ ಕೇಳಿಸಬೇಕೆಂದು ಮಾತಾಡುವುದು ಮಾಸ್ತರನ ಅಭ್ಯಾಸ. ಅವನ ಕವಿತೆಯೂ ಆ ಅಭ್ಯಾಸವನ್ನು ಬಿಟ್ಟಿರಲಿಲ್ಲವೆಂದರೆ ಅದು ದೋಷವೂ ಹೌದು, ಶೀಲವೂ ಹೌದು.

ಅವರ ಬಾಳಿನ ದೊಡ್ಡ ಬೇಡಿಕೆ ಈಡೇರಲಿಲ್ಲ. ಹಾಗಾದರೆ ಆ ಬಾಳು ಸೋಲೇ? ಈ ಪ್ರಶ್ನೆಯನ್ನು ನುಣುಚಿಕೊಳ್ಳುವುದು ಪ್ರಾಮಾಣಿಕತೆಯಲ್ಲ. ಗಡಿಯ ಪ್ರಶ್ನೆಯಲ್ಲಿ ಅವರು ಸೋತರು. ಆದರೆ ರಾಜ್ಯ ಬೇರೆಯಾದ ಮೇಲೂ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳು ಉಳಿದವು. 1956ರ ಸಂವಿಧಾನ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ವಿಧಿಯು ಕಾಗದದ ಮೇಲಿರುತ್ತದೆ. ಅದನ್ನು ತರಗತಿಗೆ ತರುವವನು ಉಪಾಧ್ಯಾಯನು. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲೆಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಆಮೇಲೆಯೂ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದರೆಂದು ಅಲ್ಲಿನ ಮಕ್ಕಳೂ ಪೋಷಕರೂ ಪ್ರತಿಭಟಿಸಿದ ವಾರ್ತೆಗಳನ್ನು ನಾವು ಓದಿದ್ದೇವೆ. ಮಕ್ಕಳಿಗೆ ತಿಳಿಯದ ಮಾತಿನಲ್ಲಿ ಗಣಿತ ಹೇಳುವ ಮಾಸ್ತರ, ಮಾಸ್ತರನಿಗೆ ತಿಳಿಯದ ಮಾತಿನಲ್ಲಿ ಸಂಶಯ ಕೇಳುವ ಮಗು — ಗಡಿಯ ಗೆರೆ ನಕ್ಷೆಯ ಮೇಲೆ ಮಾತ್ರವಲ್ಲ, ಮೇಜಿಗೂ ಬೆಂಚಿಗೂ ನಡುವೆ ಬಿದ್ದರೆ ಹೀಗಾಗುತ್ತದೆ. ಆ ಗೆರೆ ತಮ್ಮ ಕೊಠಡಿಯೊಳಗೆ ಬಾರದಂತೆ ನೋಡಿಕೊಂಡ ಒಂದು ತಲೆಮಾರಿನ ಉಪಾಧ್ಯಾಯರಲ್ಲಿ ಕಯ್ಯಾರರು ಒಬ್ಬರು. ಅದು ಸಣ್ಣ ಗೆಲುವಲ್ಲ.

ಗಡಿಯಿಂದ ಈಚೆಗಿರುವ ನಾವು ಏನು ಮಾಡಿದೆವು? ನವೆಂಬರಿನಲ್ಲಿ ಅವರನ್ನು ಕರೆಸಿ ಹಾರ ಹಾಕಿದೆವು, ‘ನಾಡೋಜ’ರೆಂದು ಗೌರವಿಸಿದೆವು. ಆದರೆ ಅವರ ಹೆಸರನ್ನು ಕರಿಹಲಗೆಯ ಮೇಲೆ ಕಂಡು “ಅವರು ಯಾರು ಸಾರ್?” ಎಂದು ಕೇಳುವ ವಿದ್ಯಾರ್ಥಿಗಳನ್ನು ತಯಾರಿಸಿದವರೂ ನಾವೇ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹತ್ತಾರು ವರ್ಷ ಕನ್ನಡ ಕಲಿಸಿಯೂ ನಾನು ಆ ಹೆಸರನ್ನು ತರಗತಿಯಲ್ಲಿ ಅದಕ್ಕೆ ಹಿಂದೆ ಎಷ್ಟು ಸಲ ಎತ್ತಿದ್ದೆನೆಂದು ಯೋಚಿಸಿದೆ. ಉತ್ತರ ನನಗೆ ಹಿತವಾಗಿರಲಿಲ್ಲ.

2015ರ ಆಗಸ್ಟ್ 9ರಂದು, ನೂರು ವರ್ಷ ತುಂಬಿ ಎರಡು ತಿಂಗಳಾದ ಮೇಲೆ, ಕಯ್ಯಾರರು ತೀರಿಕೊಂಡರು. ಅವರು ಕೊರೆದ ಸುರಂಗದ ನೀರು ಎಲ್ಲೆಲ್ಲಿ ಹರಿದಿದೆಯೆಂದು ಹೇಳಬಲ್ಲವರು ಅವರ ಶಿಷ್ಯರು ಮಾತ್ರ.

ಮರುದಿನದ ಪಾಠದಲ್ಲಿ ನಾನು ‘ಞ’ಕಾರದ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡೆ. ಈ ಅಕ್ಷರವನ್ನು ನೀವು ದಿನವೂ ಬರೆಯುತ್ತೀರಿ, ಗಮನಿಸಿಲ್ಲ ಅಷ್ಟೆ ಎಂದು ಹೇಳಿ, ‘ಜ್ಞಾನ’ ಎಂದು ಬರೆದು ತೋರಿಸಿದೆ. ಅಲ್ಲಿ ‘ಜ’ಕಾರದ ಕೆಳಗೆ ಒತ್ತಾಗಿ ನಿಂತಿರುವುದು ಅದೇ ‘ಞ’. ಪ್ರಶ್ನೆ ಕೇಳಿದ ಹುಡುಗನು ತನ್ನ ಪುಸ್ತಕದಲ್ಲಿ ಮೊದಲು ‘ಜ್ಞಾನ’ವೆಂದೂ, ಅದರ ಕೆಳಗೆ ಕಿಞ್ಞಣ್ಣ ರೈಗಳ ಹೆಸರನ್ನೂ ಬರೆದುಕೊಂಡನು. ಮುಂದಿನ ವಾರ ಗ್ರಂಥಾಲಯದಿಂದ ಅವರ ಆತ್ಮಕಥೆಯನ್ನು ತಂದುಕೊಡುವೆನೆಂದು ಅವನಿಗೆ ಮಾತು ಕೊಟ್ಟಿದ್ದೇನೆ.